ಜೋಕು ನನ್ನದು, ಹೆಸರು ಮಾತ್ರ ಇಲ್ಲ: ಓದುಗರ ಸ್ಪಂದನ

(ಸಮಸ್ಯೆ: ನನಗೆ 29 ವರ್ಷ. ಮೂರು ವರ್ಷದಿಂದ ಟಿವಿ ಕಾಮಿಡಿ ಶೋಗೆ ಸ್ಕಿಟ್ ಬರೆಯುತ್ತಿದ್ದೇನೆ. ಟೈಟಲ್ ಕಾರ್ಡ್‌ನಲ್ಲಿ ಹೆಸರಿಲ್ಲ, ಪೇಮೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ. ಈಗ ಒಂದು ಸಿನಿಮಾಗೆ ಸಂಭಾಷಣೆ ಬರೆಯಲು ಕರೆದಿದ್ದಾರೆ, ಅಡ್ವಾನ್ಸ್ ಮಾತೇ ಇಲ್ಲ. ಮನೆಯವರು ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಾರೆ.)

ನಾನೂ ಹನ್ನೊಂದು ವರ್ಷ ಧಾರಾವಾಹಿಗೆ ಬರೆದವನು. ನಿಮ್ಮ ಪತ್ರ ಓದಿ ನನ್ನ ಹಳೇ ಡೈರಿ ಓದಿದ ಹಾಗಾಯಿತು. ಒಂದು ನಿರ್ಮಾಣ ಸಂಸ್ಥೆ ನನ್ನ ನಲವತ್ತು ಎಪಿಸೋಡ್‌ಗಳ ದುಡ್ಡು ಇನ್ನೂ ಕೊಟ್ಟಿಲ್ಲ. ಆದರೂ ಟಿವಿ ಬಿಡಬೇಡಿ. ಬೆಳಗ್ಗೆ ಬರೆದ ಸೀನಿಗೆ ಸಂಜೆ ಲೈಟ್ ಬಾಯ್ ನಕ್ಕನೋ ಇಲ್ಲವೋ ಅಂತ ಗೊತ್ತಾಗುವ ಪಾಠಶಾಲೆ ಬೇರೆಲ್ಲಿದೆ? ‘ಸಿಲ್ಲಿ ಲಲ್ಲಿ’ ಧಾರಾವಾಹಿ ಮಾಡಿದ ವಿಜಯಪ್ರಸಾದ್ 2012ರಲ್ಲಿ ‘ಸಿದ್ಲಿಂಗು’ ಸಿನಿಮಾ ಮಾಡಿದರು. ಉಪೇಂದ್ರ ಕೂಡ ಕಾಶಿನಾಥ್ ಬಳಿ ಬರೆಯುತ್ತಾ ಇದ್ದವರೇ, 1992ರಲ್ಲಿ ನಿರ್ದೇಶಕರಾದರು. ದಾರಿ ಇದೆ, ಬಸ್ಸು ಮಾತ್ರ ಲೇಟು! ಸಿನಿಮಾದವರಿಗೆ ಒಂದೇ ಮಾತು ಹೇಳಿ: ಮೊದಲ ಕಂತು ಕೈಗೆ ಬಂದ ಮೇಲೇ ಪೂರ್ತಿ ಸಂಭಾಷಣೆ. ಅಲ್ಲಿವರೆಗೆ ಎರಡು ಸೀನು ಸ್ಯಾಂಪಲ್, ಸಾಕು.
— ಧಾರಾವಾಹಿ ಬರಹಗಾರ, ಬೆಂಗಳೂರು

ವಕೀಲಳಾಗಿ ಹೇಳುತ್ತೇನೆ. ಕಾಪಿರೈಟ್ ಐಡಿಯಾಗೆ ಸಿಗುವುದಿಲ್ಲ, ಬರೆದಿಟ್ಟ ರೂಪಕ್ಕೆ ಸಿಗುತ್ತದೆ. ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಕಥಾ ಚರ್ಚೆಯಲ್ಲಿ ಕಾಫಿ ಕುಡಿಯುತ್ತಾ ಜೋಕು ಉದುರಿಸಿ ಬರಬೇಡಿ. ಬರೆದು ಇಮೇಲ್ ಮಾಡಿ, ತಾರೀಖು ಉಳಿಯುತ್ತದೆ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಸ್ಕ್ರಿಪ್ಟನ್ನು ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು. ಹಕ್ಕು ಬರೆದುಕೊಟ್ಟ ಮೇಲೂ ‘ಇದು ನನ್ನ ಬರಹ’ ಎನ್ನುವ ಹಕ್ಕು ಲೇಖಕರಿಗೆ ಉಳಿಯುತ್ತದೆ, 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ನೋಡಿ. ಆದರೆ ಕೋರ್ಟಿಗೆ ಹೋಗಿ ಹೆಸರು ಹಾಕಿಸಿಕೊಳ್ಳುವ ಹೊತ್ತಿಗೆ ಶೋ ಮುಗಿದಿರುತ್ತೆ. ಅದಕ್ಕೇ ಟೈಟಲ್ ಕಾರ್ಡ್ ವಿಷಯ ಒಪ್ಪಂದದಲ್ಲೇ ಇರಲಿ.
— ವಕೀಲೆ, ಮೈಸೂರು

ತಮ್ಮಾ, ನಿಮ್ಮ ಶೋ ಯಾವುದೋ ಗೊತ್ತಿಲ್ಲ. ನಾನು ಎಲ್ಲಾ ನೋಡುತ್ತೇನೆ, ಅದಕ್ಕೇ ಬೇಜಾರು. ಗಂಡಸಿಗೆ ಸೀರೆ ಉಡಿಸೋದು, ದಪ್ಪಗಿದ್ದವರನ್ನು ಆಡಿಕೊಳ್ಳೋದು. ನನ್ನ ಸೊಸೆ ಚಾನೆಲ್ ಬದಲಿಸುತ್ತಾಳೆ. ಅಂಥದ್ದನ್ನೇ ನೀವೂ ಬರೆದಿದ್ದರೆ, ಹೆಸರು ಬರದೇ ಇದ್ದದ್ದು ಒಳ್ಳೆಯದೇ ಆಯಿತು ಅಲ್ವಾ? ನಮ್ಮ ಮನೆಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ವಾಪಸ್ ತರೋ ಕಥೆಯೇ ಎರಡು ಎಪಿಸೋಡಿಗೆ ಆಗುತ್ತೆ. ಬೇಕಾದರೆ ಹೇಳುತ್ತೇನೆ, ದುಡ್ಡು ಬೇಡ.
— ಗೃಹಿಣಿ, ದಾವಣಗೆರೆ

ಬ್ಯಾಂಕ್ ಪರೀಕ್ಷೆ ಬರೆಯಿರಿ, ತಪ್ಪೇನಿಲ್ಲ. ನಾನು ಬ್ಯಾಂಕಿನಲ್ಲಿದ್ದುಕೊಂಡೇ ಹಾಸ್ಯ ನಾಟಕ ಬರೆಯುತ್ತೇನೆ. ಕೌಂಟರಿನಲ್ಲಿ ದಿನಕ್ಕೆರಡು ಪಾತ್ರ ಪುಕ್ಕಟೆ ಸಿಗುತ್ತವೆ. ಮಾರ್ಚ್ ತಿಂಗಳು ಮಾತ್ರ ಪೆನ್ನು ಮುಟ್ಟುವುದಿಲ್ಲ. ಪೋಸ್ಟಿಂಗ್ ಎಲ್ಲಿಗೆ ಅಂತ ಯೋಚಿಸಿಕೊಳ್ಳಿ, ಅಷ್ಟೇ. ನನಗೆ ಮೊದಲು ಬೀದರ್ ಕಡೆ ಬಂತು. ಬೆಂಗಳೂರಿನ ಒಂದು ರಿಹರ್ಸಲ್‌ಗೆ ಹೋಗಿ ಬರಲು ಎರಡು ರಾತ್ರಿ ಬಸ್ಸಿನಲ್ಲೇ ಕಳೆಯುತ್ತಿತ್ತು.
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ