ಮ್ಯುಟೆಂಟ್‌ಗಳು ‘ಬಂದರು’ ಅನ್ನೋದಾ, ‘ಬಂದವು’ ಅನ್ನೋದಾ?

ಎಲ್ರಿಗೂ ನಮಸ್ಕಾರ. ಎಕ್ಸ್-ಮೆನ್ ’97 ಆನಿಮೇಶನ್ ಸರಣಿಯ ಎರಡನೇ ಸೀಸನ್ 2026ರ ಸಮ್ಮರ್‌ಗೆ ಅಂತ ಮಾರ್ವೆಲ್‌ನವರು ಹೇಳಿದಾಗಿಂದ ನನಗೆ ಅದೇ ಗುಂಗು. ಅದು ಬರೋದ್ರೊಳಗೆ, ಇದನ್ನ ಇನ್ನೂ ನೋಡದೇ ಇರೋ ಕನ್ನಡದ ಓದುಗರಿಗೆ ಒಂದು ದೊಡ್ಡ ಪರಿಚಯ ಲೇಖನ ಬರೀಬೇಕು ಅಂತ ಕೂತಿದೀನಿ. (ಅಮೆರಿಕದ ಸಮ್ಮರ್ ಅಂದ್ರೆ ಜೂನ್‌ನಿಂದ ಆಗಸ್ಟ್, ಅದನ್ನ ‘ಬೇಸಿಗೆ’ ಅಂತ ಬರೆದ್ರೆ ನಮ್ಮೋರು ಏಪ್ರಿಲ್‌ನಲ್ಲೇ ಹುಡುಕೋಕೆ ಶುರು ಮಾಡ್ತಾರೆ, ಅದಕ್ಕೆ ‘ಮಳೆಗಾಲದಲ್ಲಿ’ ಅಂತಲೇ ಬರೀತೀನಿ.) ಎರಡು ಪ್ಯಾರಾ ಆಗೋಷ್ಟರಲ್ಲಿ ಒಂದು ವ್ಯಾಕರಣದ ಪ್ರಶ್ನೆ ಎದುರಾಯ್ತು, ಅದು ಬಗೆಹರಿಯದೇ ಮುಂದಕ್ಕೆ ಹೋಗೋ ಹಾಗಿಲ್ಲ. ಈ ಕತೆಯಲ್ಲಿರೋ ಮ್ಯುಟೆಂಟ್‌ಗಳಿಗೆ, ಅಂದ್ರೆ ಹುಟ್ಟಿನಿಂದಲೇ ಏನೋ ವಿಶೇಷ ಶಕ್ತಿ ಪಡೆದಿರೋರಿಗೆ, ಕ್ರಿಯಾಪದ ಯಾವುದು ಹಾಕೋದು, ‘ಬಂದರು’ ಅಂತಲೋ ‘ಬಂದವು’ ಅಂತಲೋ?

ಸರಣಿ ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಹಳೇ ಎಕ್ಸ್-ಮೆನ್ ಕಾರ್ಟೂನು ಅಮೆರಿಕದ ಫಾಕ್ಸ್ ಕಿಡ್ಸ್‌ನಲ್ಲಿ 1992ರ ಅಕ್ಟೋಬರ್ 31ಕ್ಕೆ ಶುರುವಾಗಿ 1997ರಲ್ಲಿ ಮುಗೀತು, ಒಟ್ಟು 76 ಕಂತು. ಅದು ನಿಂತ ಜಾಗದಿಂದಲೇ ಕತೆ ಮುಂದುವರಿಸಿ 2024ರ ಮಾರ್ಚ್ 20ಕ್ಕೆ ಎಕ್ಸ್-ಮೆನ್ ’97 ಬಂತು, ಹತ್ತು ಕಂತು, ವುಲ್ವರಿನ್‌ಗೆ ಕ್ಯಾಲ್ ಡಾಡ್, ರೋಗ್‌ಗೆ ಲೆನೋರ್ ಝಾನ್, ಬೀಸ್ಟ್‌ಗೆ ಜಾರ್ಜ್ ಬೂಜಾ, ಹೀಗೆ ಕೆಲವು ಪಾತ್ರಗಳಿಗೆ ಆಗಿನ ದನಿಗಳೇ ವಾಪಸ್ಸು ಬಂದ್ವು, ಅದೊಂದನ್ನ ಕೇಳೋಕೇ ಮೈ ಜುಂ ಅನ್ನತ್ತೆ. ಕೊನೇ ಕಂತಿನಲ್ಲಿ ತಂಡ ಕಾಲದಲ್ಲೇ ಚೆಲ್ಲಾಪಿಲ್ಲಿಯಾಗಿದೆ, ಕೆಲವರು ಪುರಾತನ ಈಜಿಪ್ಟಿನಲ್ಲಿ, ಕೆಲವರು ಸಾವಿರಾರು ವರ್ಷ ಮುಂದಿನ ಲೋಕದಲ್ಲಿ. ಅಲ್ಲಿಗೆ ನಿಲ್ಲಿಸಿ 2024ರ ಮೇ ತಿಂಗಳಿಂದ ಕಾಯಿಸ್ತಾ ಇದಾರೆ.

ಕತೆಯ ಬುಡ ಏನಪ್ಪಾ ಅಂದ್ರೆ, ಕೆಲವರು ಹುಟ್ಟುವಾಗಲೇ ಜೀನ್‌ನಲ್ಲಿ ಏನೋ ಬೇರೆ ಇಟ್ಕೊಂಡು ಹುಟ್ತಾರೆ, ಹರೆಯಕ್ಕೆ ಬಂದಾಗ ಅದು ಶಕ್ತಿಯಾಗಿ ಹೊರಗೆ ಬರತ್ತೆ, ಊರಿನವರು ಹೆದರ್ತಾರೆ, ಮನೆಯಿಂದ ಆಚೆ ಹಾಕ್ತಾರೆ. ಅಂಥವರನ್ನ ಚಾರ್ಲ್ಸ್ ಝೇವಿಯರ್ ಅನ್ನೋ ಪ್ರೊಫೆಸರ್ ತನ್ನ ಬಂಗಲೆಯಲ್ಲಿ ಸೇರಿಸ್ಕೊಂಡು ಓದಿಸ್ತಾರೆ, ಹಾಗೆ ಸೇರಿದವರದ್ದೇ ಎಕ್ಸ್-ಮೆನ್ ತಂಡ, ಅವರು ತಮ್ಮನ್ನ ದ್ವೇಷಿಸೋ ಜನರನ್ನೇ ಕಾಪಾಡೋಕೆ ನಿಲ್ತಾರೆ. ಅಂದ್ರೆ ‘ಇವರು ಮನುಷ್ಯರಾ ಅಲ್ವಾ’ ಅನ್ನೋದೇ ಇಡೀ ಜಗಳ. ಇಂಗ್ಲಿಷಿನಲ್ಲಿ ಬರೆಯೋನು ಈ ಪ್ರಶ್ನೆಗೆ ಉತ್ತರ ಕೊಡದೇನೇ ನೂರು ವಾಕ್ಯ ಬರೀಬಹುದು, ಅಲ್ಲಿ ಬಹುವಚನಕ್ಕೆ ಜನಕ್ಕೂ ಯಂತ್ರಕ್ಕೂ ಒಂದೇ ಸರ್ವನಾಮ, ಕ್ರಿಯಾಪದವೂ ಒಂದೇ. ಕನ್ನಡದಲ್ಲಿ ಮೊದಲನೇ ವಾಕ್ಯದಲ್ಲೇ ತೀರ್ಪು ಕೊಡಬೇಕಾಗತ್ತೆ. ‘ಬಂದರು’ ಅಂದ ತಕ್ಷಣ ನಾನು ಝೇವಿಯರ್ ಕಡೆ, ‘ಬಂದವು’ ಅಂದ್ರೆ ಅವರನ್ನ ಹಿಡಿಯೋಕೆ ಸೆಂಟಿನೆಲ್ ರೋಬೋಟ್ ಕಟ್ಟಿದ ಟ್ರಾಸ್ಕ್ ಕಡೆ.

ಬರೀ ಕ್ರಿಯಾಪದ ಅಲ್ಲ, ಎಣಿಸೋದೂ ಹಾಗೇ. ‘ಇಬ್ಬರು ಮ್ಯುಟೆಂಟ್‌ಗಳು’ ಅಂದ್ರೆ ಒಂದು, ‘ಎರಡು ಮ್ಯುಟೆಂಟ್‌ಗಳು’ ಅಂದ್ರೆ ಇನ್ನೊಂದು. ‘ಅಲ್ಲಿರೋದು ಯಾರು’ ಅಂತ ಕೇಳೋನು ಬೇರೆ, ‘ಅಲ್ಲಿರೋದು ಏನು’ ಅಂತ ಕೇಳೋನು ಬೇರೆ. ಮೊದಲ ಸೀಸನ್ನಿನ ಐದನೇ ಕಂತಿನಲ್ಲಿ ಜೆನೋಶಾ ಅನ್ನೋ ದ್ವೀಪದ ಮೇಲೆ ಬೀಳೋ ದಾಳಿ ಇದೆಯಲ್ಲ, ಮ್ಯುಟೆಂಟ್‌ಗಳು ತಮ್ಮದೇ ಅಂತ ಒಂದು ದೇಶ ಕಟ್ಕೊಂಡು ಸಂಭ್ರಮ ಪಡ್ತಾ ಇರೋ ರಾತ್ರಿಯೇ ಅದು ಸುಟ್ಟು ಹೋಗತ್ತೆ. ಅದರ ಸುದ್ದಿ ಓದೋ ಟಿವಿಯವನ ಬಾಯಲ್ಲಿ ಕನ್ನಡದಲ್ಲಿ ‘ಸತ್ತರು’ ಅಂತ ಬರಬೇಕಾ ‘ಸತ್ತವು’ ಅಂತ ಬರಬೇಕಾ ಅಂತ ನಾನು ಯೋಚ್ನೆ ಮಾಡ್ತಾ ಕೂತಾಗ ನಿಜವಾಗ್ಲೂ ಗಂಟಲು ಕಟ್ಟಿತು.

ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ, ‘-ಗಳು’ ಪ್ರತ್ಯಯದ ಮೇಲೆ ನನ್ನ ತಕರಾರಿಲ್ಲ. ‘-ರು ಮನುಷ್ಯರಿಗೆ, -ಗಳು ಮಿಕ್ಕಿದ್ದಕ್ಕೆ’ ಅಂತ ಕೆಲವರು ಹೇಳ್ತಾರೆ, ಅದು ನಿಲ್ಲಲ್ಲ. ಋಷಿಗಳು, ಗುರುಗಳು, ವಿದ್ಯಾರ್ಥಿಗಳು, ಇಂಜಿನಿಯರ್‌ಗಳು, ಯಾರನ್ನೂ ನಾವು ಕೀಳು ಮಾಡ್ತಾ ಇಲ್ಲ, ಗೌರವಕ್ಕೂ ಅದೇ ‘-ಗಳು’ ಬಳಸ್ತೀವಿ. ಎಲ್ಲ ನಿಂತಿರೋದು ಅದರ ಹಿಂದೆ ಬರೋ ಕ್ರಿಯಾಪದದ ಮೇಲೆ. ‘ಅನ್ಯಗ್ರಹವಾಸಿಗಳು ಬಂದರು’ ಅಂತೀವಿ, ‘ಅನ್ಯಗ್ರಹ ಜೀವಿಗಳು ಬಂದವು’ ಅಂತೀವಿ, ಪ್ರಾಣಿ ಅದೇ, ‘ವಾಸಿ’ ಅಂದ ಕೂಡಲೇ ಅವರಿಗೊಂದು ಮನೆ ಸಿಕ್ತು, ‘ಜೀವಿ’ ಅಂದ ಕೂಡಲೇ ಲ್ಯಾಬಿಗೆ ಹೋದ್ವು.

ನಮ್ಮ ರಾಮಾಯಣದಲ್ಲೇ ಇದಕ್ಕೆ ದಾರಿ ಇದೆ ಅಂತ ನನಗನ್ಸತ್ತೆ. ವಾನರರು ಸೇತುವೆ ಕಟ್ಟಿದರು. ಕೋತಿಗಳು ತೆಂಗಿನಕಾಯಿ ಕಿತ್ತವು. ಹನುಮಂತ ಸಮುದ್ರ ಹಾರಿದ, ಯಾರೂ ‘ಹಾರಿತು’ ಅನ್ನಲ್ಲ, ಬಾಲ ಇದ್ರೂ ಅನ್ನಲ್ಲ. ರಾಕ್ಷಸರು, ಯಕ್ಷರು, ಗಂಧರ್ವರು, ಇವರ್ಯಾರೂ ಮನುಷ್ಯರಲ್ಲ, ಆದ್ರೂ ಎಲ್ರಿಗೂ ‘ರು’. ಅದೇ ದೆವ್ವಕ್ಕೆ ‘ಬಂತು’, ಪಿಶಾಚಿಗೆ ‘ಬಂತು’, ಆದ್ರೆ ಮೋಹಿನಿ ಮಾತ್ರ ‘ಬಂದಳು’. ಅಂದ್ರೆ ಕನ್ನಡದವನು ಕ್ರಿಯಾಪದ ಆರಿಸುವಾಗ ದೇಹ ಹೇಗಿದೆ ಅಂತ ನೋಡಲ್ಲ, ಅವರ ಜೊತೆ ಮಾತಾಡಬಹುದಾ, ಅವರಿಗೊಂದು ಹೆಸರು, ಮನಸ್ಸು, ನ್ಯಾಯ ಅನ್ಯಾಯ ಇದೆಯಾ ಅಂತ ನೋಡ್ತಾನೆ. ಈ ಲೆಕ್ಕದಲ್ಲಿ ನೀಲಿ ಕೂದಲು ತುಂಬಿರೋ ಬೀಸ್ಟ್, ಬಾಲ ಇರೋ ನೈಟ್‌ಕ್ರಾಲರ್ ಇಬ್ರೂ ಯಾವ ಅನುಮಾನವೂ ಇಲ್ದೇ ‘ಬಂದರು’ ಕಡೆಯವರು. ಲೇಖನದಲ್ಲಿ ನನ್ನ ದನಿಯಲ್ಲಿ ಬರೋ ವಾಕ್ಯಗಳಿಗೆಲ್ಲ ಹೀಗೇ ಬರೀತೀನಿ, ಅದರಲ್ಲಿ ಗೊಂದಲ ಇಲ್ಲ.

ಈ ಪ್ರಶ್ನೆ ಬರೀ ಕತೆಯೊಳಗಿಂದೂ ಅಲ್ಲ, ಒಮ್ಮೆ ಕೋರ್ಟಿಗೂ ಹೋಗಿತ್ತು. ಅಮೆರಿಕದ ಸುಂಕದ ಪಟ್ಟಿಯಲ್ಲಿ ಆಗ ಮನುಷ್ಯರನ್ನ ತೋರಿಸೋ ಬೊಂಬೆಗೆ ಶೇ. 12 ಸುಂಕ, ಮನುಷ್ಯರಲ್ಲದ್ದನ್ನ ತೋರಿಸೋ ಆಟಿಕೆಗೆ ಶೇ. 6.8. ಎಕ್ಸ್-ಮೆನ್ ಬೊಂಬೆ ತರಿಸ್ತಾ ಇದ್ದ ಟಾಯ್ ಬಿಜ್, ಅದು ಮಾರ್ವೆಲ್‌ದೇ ಕಂಪನಿ, ಇವು ಮನುಷ್ಯರ ಬೊಂಬೆ ಅಲ್ಲ ಅಂತ ವಾದ ಮಾಡ್ತು, 2003ರ ಜನವರಿಯಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ನ್ಯಾಯಾಧೀಶೆ ಜುಡಿತ್ ಬಾರ್ಝಿಲೇ ಅದನ್ನ ಒಪ್ಪಿ ಕಡಿಮೆ ಸುಂಕವೇ ಸರಿ ಅಂದ್ರು. 1963ರಿಂದ ಪುಟ ಪುಟದಲ್ಲೂ ‘ನಾವೂ ಮನುಷ್ಯರೇ’ ಅಂತ ಕೂಗ್ತಾ ಇರೋ ಪಾತ್ರಗಳ ಬಗ್ಗೆ ಅವರ ಮನೆಯವರೇ ಹೀಗೆ ವಾದಿಸಿ ಗೆದ್ರು. ಆ ತೀರ್ಪಿನ ಸುದ್ದಿಯನ್ನ ಕನ್ನಡದಲ್ಲಿ ಬರೆಯುವಾಗ ಆ ಕೋರ್ಟಿನ ಪ್ರಕಾರ ‘ಅವು’, ಓದುಗರ ಪ್ರಕಾರ ‘ಅವರು’, ಒಂದೇ ಪ್ಯಾರಾದಲ್ಲಿ ಎರಡೂ ಬರಬೇಕು. ಬರೆದು ನೋಡಿದೀನಿ, ಚೆನ್ನಾಗಿ ಕೂರತ್ತೆ.

ಇನ್ನು ‘ಮ್ಯುಟೆಂಟ್’ ಅನ್ನೋ ಪದ. ಸ್ಟ್ಯಾನ್ ಲೀ ಮತ್ತೆ ಜ್ಯಾಕ್ ಕರ್ಬಿ ಈ ಕಾಮಿಕ್ ಶುರು ಮಾಡಿದಾಗ ಲೀ ಅವರಿಗೆ ಅದರ ಹೆಸರೇ ‘ದಿ ಮ್ಯುಟೆಂಟ್ಸ್’ ಅಂತ ಇಡೋ ಆಸೆ ಇತ್ತಂತೆ, ಓದುಗರಿಗೆ ಆ ಪದ ಅರ್ಥ ಆಗಲ್ಲ ಅಂತ ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಬೇಡ ಅಂದ್ರು ಅಂತ ಲೀ ಅವರೇ ಆಮೇಲೆ ಎಷ್ಟೋ ಸಲ ಹೇಳಿದಾರೆ. ಅಮೆರಿಕದವರಿಗೇ ಅರ್ಥ ಆಗದೇ ಇದ್ದ ಪದ ಅದು, ಕತೆ ಓದ್ತಾ ಓದ್ತಾ ಕಲಿತ್ರು. ನಮ್ಮಲ್ಲಿ ಇದರ ನೆಂಟ ಪದವೊಂದು ಆಗಲೇ ಪ್ರತಿ ತಾಲೂಕು ಕಚೇರಿಯಲ್ಲೂ ಓಡಾಡ್ತಾ ಇದೆ, ‘ಜಮೀನು ಮ್ಯುಟೇಶನ್ ಆಯ್ತಾ’ ಅಂತ ಕೇಳದೇ ಇರೋ ರೈತ ಇಲ್ಲ, ಪಹಣಿಯಲ್ಲಿ ಹೆಸರು ಬದಲಾಗೋದು. ಬೇರು ಒಂದೇ, ಬದಲಾಗೋದು ಅನ್ನೋ ಲ್ಯಾಟಿನ್ ಮಾತು. ಹಾಗಾಗಿ ಪದ ತೀರಾ ಅಪರಿಚಿತ ಅಲ್ಲ.

ಕನ್ನಡದ ಪದ ಹುಡುಕಿದ್ರೆ ಪಠ್ಯಪುಸ್ತಕದ ‘ಉತ್ಪರಿವರ್ತನೆ’ ಸಿಗತ್ತೆ, ಪರೀಕ್ಷೆಗೆ ಸರಿ, ಜಗಳ ಆಡುವಾಗ ಬಾಯಿಗೆ ಬರಲ್ಲ. ‘ರೂಪಾಂತರಿ’ ಅಂತ ಇನ್ನೊಂದಿದೆ, ಕೇಳೋಕೆ ಚೆನ್ನಾಗಿದೆ, ಆದ್ರೆ ಕೊರೊನಾ ಕಾಲದಲ್ಲಿ ಎಲ್ಲ ಪೇಪರಿನಲ್ಲೂ ‘ರೂಪಾಂತರಿ ವೈರಸ್’, ‘ರೂಪಾಂತರಿ ಹರಡುವ ಭೀತಿ’ ಅಂತ ಓದಿ ಓದಿ ಆ ಪದಕ್ಕೆ ರೋಗದ ವಾಸನೆ ಅಂಟ್ಕೊಂಡಿದೆ. ಅಲ್ಲದೇ ಇವರು ರೂಪ ಬದಲಾಯಿಸ್ಕೊಂಡವರಲ್ಲ, ಹುಟ್ಟಿದ್ದೇ ಹಾಗೆ, ರೂಪ ಬದಲಾಯಿಸೋನು ತಂಡದಲ್ಲಿ ಒಬ್ಬನೇ, ಮಾರ್ಫ್. ಇಂಗ್ಲಿಷಿನ ‘ಮ್ಯುಟೆಂಟ್’ಗೆ ಒಂದು ಗುಣ ಇದೆ, ಬೀದಿಯಲ್ಲಿ ಕಲ್ಲೆಸೆಯೋನೂ ಅದನ್ನೇ ಬೈಗುಳ ಮಾಡಿ ಕೂಗ್ತಾನೆ, ಸ್ವತಃ ಮ್ಯುಟೆಂಟ್ ಆಗಿರೋ ಮ್ಯಾಗ್ನಿಟೊ ಎದೆ ಸೆಟೆಸಿ ಅದನ್ನೇ ತನ್ನ ಹೆಸರು ಅಂತ ಹೇಳ್ಕೋತಾನೆ. ಎರಡೂ ಬಾಯಲ್ಲಿ ನಿಲ್ಲೋ ಪದ ಬೇಕು. ‘ರೂಪಾಂತರಿ’ ಕಲ್ಲೆಸೆಯೋನ ಬಾಯಲ್ಲಿ ನಿಲ್ಲತ್ತೆ, ಮ್ಯಾಗ್ನಿಟೊ ಬಾಯಲ್ಲಿ ನಿಲ್ಲಲ್ಲ. ನನ್ನ ತೀರ್ಮಾನ, ಮ್ಯುಟೆಂಟ್ ಮ್ಯುಟೆಂಟ್ ಆಗೇ ಇರಲಿ, ಪ್ರೀತಿನೋ ದ್ವೇಷನೋ ಅನ್ನೋದನ್ನ ಕನ್ನಡದ ಕ್ರಿಯಾಪದ ಹೇಳಲಿ, ಇಂಗ್ಲಿಷಿನಲ್ಲಿ ಇಲ್ಲದೇ ಇರೋ ಆ ಹತ್ಯಾರು ನಮ್ಮ ಹತ್ರ ಇದೆ. ತಂಡಕ್ಕೆ ‘ಪಡೆ’ ಅನ್ನೋದು ಬೇಡ, ಯುದ್ಧ ಮಾತ್ರ ಕಾಣತ್ತೆ, ಇವರು ಒಂದೇ ಮನೆಯಲ್ಲಿ ಉಂಡು ಮುನಿಸ್ಕೊಂಡು ಬದುಕೋರು, ‘ಬಳಗ’ ಸರಿ.

ಹಾಗಂತ ‘ಅವು’ ಅಂದ್ರೆ ದ್ವೇಷ, ‘ಅವರು’ ಅಂದ್ರೆ ಪ್ರೀತಿ ಅಂತ ಗೆರೆ ಎಳೆಯೋಕೂ ಆಗಲ್ಲ, ನಿಜವಾದ ತೊಡಕು ಇಲ್ಲಿಂದ ಶುರು. ಮೊದಲ ಸೀಸನ್ನಿನ ಎರಡನೇ ಕಂತಿನಲ್ಲಿ ತಂಡದ ಜೀನ್ ಗ್ರೇ ಅನ್ನೋಳಿಗೆ ಹೆರಿಗೆ ನೋವು ಬರತ್ತೆ, ಆಸ್ಪತ್ರೆಯ ಡಾಕ್ಟ್ರು ಮ್ಯುಟೆಂಟ್ ಮಗು ಅಂತ ಹೆರಿಗೆ ಮಾಡಿಸಲ್ಲ ಅಂತಾನೆ, ರೋಗ್ ಅವನನ್ನ ಮುಟ್ಟಿ ಅವನ ಜ್ಞಾನವನ್ನ ಹೀರ್ಕೊಂಡು ತಾನೇ ಹೆರಿಗೆ ಮಾಡಿಸ್ತಾಳೆ. ಈಗ ಕನ್ನಡದಲ್ಲಿ ಹೇಳಿ ನೋಡಿ. ಡಾಕ್ಟ್ರು ‘ಅದನ್ನ ನಾನು ಮುಟ್ಟಲ್ಲ’ ಅಂದ್ರೆ ಆ ‘ಅದು’ ಚುಚ್ಚತ್ತೆ. ರೋಗ್ ಮಗೂನ ಎತ್ಕೊಂಡು ‘ಅಳ್ತಾ ಇದೆ ನೋಡು, ಅದಕ್ಕೆ ಚಳಿ’ ಅಂದ್ರೆ ಅದೇ ‘ಅದು’ ಮುದ್ದು. ಕನ್ನಡದಲ್ಲಿ ಮಗು ನಪುಂಸಕ, ‘ಮಗು ಬಂತು’, ಎಷ್ಟೋ ಕಡೆ ‘ಮಕ್ಕಳು ಬಂದ್ವು’. ಒಂದೇ ಕೋಣೆ, ಒಂದೇ ಮಗು, ಒಂದೇ ಸರ್ವನಾಮ. ಇದನ್ನ ಬರವಣಿಗೆಯಲ್ಲಿ ಹೇಗೆ ಬೇರೆ ಮಾಡೋದು? ಡಾಕ್ಟ್ರ ಬಾಯಲ್ಲಿ ‘ಅಂಥದ್ದನ್ನ’ ಅಂತ ಹಾಕಿದ್ರೆ ಸಾಕಾ?

ಇನ್ನೊಂದು ತೊಡಕು ಬಾಸ್ಟಿಯನ್ ಅನ್ನೋನು ಮಾಡಿದ ಪ್ರೈಮ್ ಸೆಂಟಿನೆಲ್‌ಗಳದ್ದು. ಅವು ಹಳೇ ಸೆಂಟಿನೆಲ್ ಥರ ಬರೀ ರೋಬೋಟ್ ಅಲ್ಲ, ಮಾಮೂಲಿ ಜನ, ಅಕ್ಕಪಕ್ಕದ ಮನೆಯವರು, ಒಳಗೆ ಯಂತ್ರ ಸೇರ್ಕೊಂಡಿದೆ, ಸಂಜ್ಞೆ ಬಂದ ಕ್ಷಣ ಕೊಲ್ಲೋಕೆ ಹೊರಡ್ತಾರೆ. ಹೊರಡ್ತಾರೆ ಅಂದ್ನಾ, ಹೊರಡ್ತವಾ? ಹೆಂಗಸು ಬಾಗಿಲು ತೆಗೆದಳು, ಕಣ್ಣು ಕೆಂಪಾಯ್ತು, ‘ಅವಳು ಹಾರಿದಳು’ ಅನ್ನೋದಾ ‘ಅದು ಹಾರಿತು’ ಅನ್ನೋದಾ? ನನಗೆ ವಾಕ್ಯದ ನಡುವೆಯೇ ‘ಅವಳು’ ಹೋಗಿ ‘ಅದು’ ಆಗಬೇಕು ಅನ್ಸತ್ತೆ, ಆದ್ರೆ ಹಾಗೆ ಬರೆದ್ರೆ ಓದೋರು ತಪ್ಪು ಅಂದ್ಕೋತಾರೇನೋ. ಇಂಥ ಪ್ರಯೋಗ ಕನ್ನಡದ ಕತೆ ಕಾದಂಬರಿಯಲ್ಲಿ, ಮೈಮೇಲೆ ಏನೋ ಬಂದ ಪ್ರಸಂಗದಲ್ಲೋ ಎಲ್ಲೋ, ನಿಮಗ್ಯಾರಿಗಾದ್ರೂ ಕಂಡಿದ್ಯಾ?

ಮಾರ್ಫ್ ವಿಷಯವೂ ಇದೆ. ಈ ಸರಣಿಯಲ್ಲಿ ಮಾರ್ಫ್ ನಾನ್-ಬೈನರಿ, ಅಂದ್ರೆ ತನ್ನನ್ನ ಬರೀ ಗಂಡು ಅಂತಲೋ ಬರೀ ಹೆಣ್ಣು ಅಂತಲೋ ಗುರುತಿಸ್ಕೊಳ್ಳದೇ ಇರೋರು, ಅಂತ ಅದನ್ನ ಮಾಡಿದವರೇ ಹೇಳಿದಾರೆ. ಮೇಲೆ ನಾನು ‘ಒಬ್ಬನೇ’ ಅಂತ ಬರೆದಿರೋದು ಹಳೇ ಕಾರ್ಟೂನಿನ ರೂಢಿ, ಲೇಖನದಲ್ಲಿ ‘ಒಬ್ಬರೇ’ ಅಂತ ಹಾಕ್ತೀನಿ. ಕನ್ನಡದ ‘ಅವರು’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಗಂಡು ಹೆಣ್ಣು ಕೇಳಲ್ಲ. ಆದ್ರೆ ವುಲ್ವರಿನ್‌ಗೆ ಮಾರ್ಫ್ ಹಳೇ ಜೀವದ ಗೆಳೆಯ, ಅವನು ‘ಮಾರ್ಫ್ ಅವರು ಬಂದ್ರು’ ಅಂದ್ರೆ ಆಫೀಸರ್ ಬಂದಂಗಾಗತ್ತೆ. ಸಲಿಗೆಯಲ್ಲಿ ಲಿಂಗ ಹೇಳದೇ ಕರೆಯೋಕೆ ‘ಮಾರ್ಫ್ ಎಲ್ಲೋಗಿದ್ದು’, ‘ಮಾರ್ಫ್ ಬಂದಾಯ್ತು’ ಅಂತ ಕೃದಂತದಲ್ಲಿ ತಿರುಗಿಸಿ ನೋಡ್ತಾ ಇದೀನಿ, ಒಂದೆರಡು ವಾಕ್ಯಕ್ಕೆ ಆಗತ್ತೆ, ಒಂದು ಪುಟಕ್ಕೆ ಆಗಲ್ಲ. ಇದಕ್ಕೆ ಯಾರಾದ್ರೂ ದಾರಿ ಕಂಡ್ಕೊಂಡಿದ್ರೆ ದಯವಿಟ್ಟು ಬರೀರಿ.

ಕೊನೇದಾಗಿ ಹವ್ಯಕ ಕನ್ನಡ ಮಾತಾಡೋರಿಗೆ ಮತ್ತೆ ಹಳ್ಳಿ ಕಡೆ ‘ಅವ್ವ ಬಂತು’, ‘ಅಕ್ಕ ಬಂತು’ ಅಂತ ಹೇಳೋ ಮನೆಗಳವರಿಗೆ ಒಂದು ವಿಶೇಷ ಪ್ರಶ್ನೆ. ನಿಮ್ಮ ಮನೆಮಾತಿನಲ್ಲಿ ಹೆಂಗಸರಿಗೆ ನಪುಂಸಕದ ಕ್ರಿಯಾಪದ ಸಹಜ, ಅದರಲ್ಲಿ ಅಗೌರವ ಇಲ್ಲ, ಅಕ್ಕರೆಯೇ ಇದೆ. ಹಾಗಿದ್ದಾಗ ಕತೆಯಲ್ಲಿ ದ್ವೇಷ ಕಾರೋನೊಬ್ಬ ತಂಡದ ಸ್ಟಾರ್ಮ್ ಅನ್ನೋ ಹೆಂಗಸನ್ನ ನೋಡಿ ‘ಅದು ಬಂತು’ ಅಂದ್ರೆ ನಿಮ್ಮ ಕಿವಿಗೆ ಅದು ಬೈಗುಳವಾಗಿ ಕೇಳತ್ತಾ, ಅಥವಾ ಬೈಗುಳ ಅಂತ ಗೊತ್ತಾಗೋಕೆ ಅಲ್ಲಿ ಬೇರೆ ಏನಾದ್ರೂ ಬೇಕಾ? ನಿಮ್ಮಲ್ಲಿ ಒಬ್ಬ ಹೆಂಗಸನ್ನ ಕೀಳಾಗಿ ಕಾಣೋನು ಯಾವ ಕ್ರಿಯಾಪದ ಹಾಕ್ತಾನೆ, ಊರಿನ ಹೆಸರು ಸಮೇತ ಒಂದೆರಡು ಉದಾಹರಣೆ ಕೊಟ್ರೆ ಲೇಖನದಲ್ಲಿ ಬಳಸ್ಕೋತೀನಿ.