ಅಣ್ಣನ ಮೇಲಿನ ಸಿಟ್ಟು ಇಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ನಮ್ಮ ಸರದಿಯ ರಾತ್ರಿ ಸ್ವಂತ ಅಣ್ಣನೇ ನಾಲೆ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ. ನಮ್ಮ ಕಬ್ಬು ಒಣಗಿತು. ಈಗ ಚರ್ಚ್‌ನಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದ ಕೂಡಲೇ ಬಾಯಿ ಕಟ್ಟಿಬಿಡುತ್ತದೆ. ಕ್ಷಮಿಸಬೇಕು ಅಂತ ಗೊತ್ತು, ಹೇಗೆ ಅಂತ ಹೇಳಿ.

ಉತ್ತರ 1:
ಸಿಟ್ಟು ಬಂದದ್ದೇ ಪಾಪ ಅಂದುಕೊಳ್ಳಬೇಡಿ. ಬೈಬಲ್‌ನಲ್ಲಿ ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳುವುದು, ಸಿಟ್ಟು ಬಂದರೂ ಪಾಪ ಮಾಡಬೇಡಿ, ಹೊತ್ತು ಮುಳುಗುವ ಮೊದಲೇ ಬಿಟ್ಟುಬಿಡಿ ಅಂತ. ಆಮೇಲೆ 31, 32ನೇ ವಚನ ನೋಡಿ. ಕೋಪ, ಕೂಗಾಟ ಬಿಡಿ ಅಂದು ಅಲ್ಲಿಗೇ ನಿಲ್ಲಿಸುವುದಿಲ್ಲ, ದಯೆ ತೋರಿಸಿ, ದೇವರು ಕ್ರಿಸ್ತನಲ್ಲಿ ನಿಮ್ಮನ್ನು ಕ್ಷಮಿಸಿದಂತೆ ನೀವೂ ಕ್ಷಮಿಸಿ ಅನ್ನುತ್ತಾನೆ. ಸಿಟ್ಟು ಬಿಟ್ಟು ಸುಮ್ನೆ ಕೂತರೆ ಅದು ಮತ್ತೆ ಬರುತ್ತದೆ, ಅಲ್ವಾ? ಅತ್ತಿಗೆ ಎದುರಾದರೆ ಮುಖ ತಿರುಗಿಸದೆ ಊಟ ಆಯ್ತಾ ಅಂತ ಕೇಳಿ. ಅಣ್ಣನ ಮಕ್ಕಳನ್ನು ಮಾತಾಡಿಸಿ. ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ಉತ್ತರ 2 (ಮೈಸೂರು):
ಕ್ಷಮಿಸುವುದು ಅಂದರೆ ನೀರಿನ ಹಕ್ಕು ಬಿಟ್ಟುಕೊಡುವುದಲ್ಲ. ಮತ್ತಾಯ 18:15 ಪ್ರಕಾರ ಮೊದಲು ಅಣ್ಣನೊಬ್ಬನನ್ನೇ ಕಂಡು ತಪ್ಪು ಹೇಳಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಸರದಿ ವಿಷಯ ನಾಲೆ ನೀರು ಬಿಡುವ ನೀರುಗಂಟಿ ಎದುರಿಗೇ ತೀರ್ಮಾನ ಆಗಲಿ. 1999ರಲ್ಲಿ ಒಡಿಶಾದಲ್ಲಿ ಗಂಡ ಮತ್ತು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಕೋರ್ಟ್ ಕೇಸ್ ಅದರ ಪಾಡಿಗೆ ನಡೆಯಿತು.

ಪ್ರಶ್ನೆ ಕೇಳಿದವರು:
ಅತ್ತಿಗೆಯಿಂದಲೇ ಶುರು ಮಾಡುತ್ತೇನೆ. ಅಣ್ಣ ಮತ್ತೆ ಹಾಗೇ ಮಾಡಿದರೆ?

ಉತ್ತರ 1:
ಯೇಸುವಿನ ಶಿಷ್ಯ ಪೇತ್ರನೂ ಇದನ್ನೇ ಕೇಳಿದ, ಏಳು ಸಾರಿ ಸಾಕಾ ಅಂತ. ಯೇಸು ಹೇಳಿದ್ದು ಏಳೆಪ್ಪತ್ತು ಸಾರಿ, ಅಂದರೆ ಲೆಕ್ಕ ಇಡದೆ ಕ್ಷಮಿಸು ಅಂತ. ಅಣ್ಣನ ಹತ್ತಿರ ಹೋಗುವ ದಿನ ಇಲ್ಲಿ ತಿಳಿಸಿ, ನಾವೂ ಪ್ರಾರ್ಥಿಸುತ್ತೇವೆ.