ಸ್ನೋ ಪ್ಲೋ ಕೆಲಸದಲ್ಲಿ ದುಡ್ಡು ಉಳಿಯುತ್ತಾ? ಅನುಭವ ಇರುವವರು ಹೇಳಿ

ಪ್ರಶ್ನೆ, ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರದಿಂದ:

ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ, ಮನೆ ಮುಂದಿನ ಗಿಡ ನೋಡಿಕೊಳ್ಳುವ ಸಣ್ಣ ಬಿಸಿನೆಸ್ ನಡೆಸುತ್ತೇನೆ. ನವೆಂಬರ್ ಬಂದರೆ ಕೆಲಸ ನಿಂತೇ ಹೋಗುತ್ತದೆ. ಫೋರ್ಡ್ ಎಫ್-250 ಪಿಕಪ್ ಟ್ರಕ್ ಒಂದಿದೆ. ಅದಕ್ಕೆ ಪ್ಲೋ (ಮುಂದೆ ಕಟ್ಟುವ, ಸ್ನೋ ತಳ್ಳುವ ದೊಡ್ಡ ಹಲಗೆ) ಹಾಕಿಸಿ ಮನೆಗಳ ಡ್ರೈವ್‌ವೇ (ರಸ್ತೆಯಿಂದ ಗ್ಯಾರೇಜಿಗೆ ಹೋಗುವ ದಾರಿ), ಅಂಗಡಿಗಳ ಪಾರ್ಕಿಂಗ್ ಲಾಟ್ ಎರಡನ್ನೂ ಹಿಡಿಯುವ ಯೋಚನೆ. ದರ ಹೇಗೆ ಇಡಬೇಕು? ಎಲ್ಲಿ ಹುಷಾರಾಗಿರಬೇಕು? ಈ ಕೆಲಸ ಮಾಡಿದವರು ದಯವಿಟ್ಟು ಬರೆಯಿರಿ.

ಸೇಂಟ್ ಪಾಲ್‌ನಿಂದ:

ಉಳಿಯುತ್ತದೆ ತಮ್ಮಾ. ಆದರೆ ಸ್ನೋ ಜಾಸ್ತಿ ಬಿದ್ದರೆ ಲಾಭ ಜಾಸ್ತಿ ಅನ್ನುವ ಲೆಕ್ಕವನ್ನು ಮೊದಲು ಬಿಡು. ನಮ್ಮ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರದ ಎರಡು ಚಳಿಗಾಲ ನೋಡು. 2022-23ರಲ್ಲಿ 90 ಇಂಚು ಬಿತ್ತು. ಇಲ್ಲಿನ ದಾಖಲೆಯಲ್ಲೇ ಅದು ಮೂರನೇ ಸ್ಥಾನ. ಮರುವರ್ಷದ ಚಳಿಗಾಲ ಅಮೆರಿಕದಲ್ಲಿ ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಪ್ಲೋ ಕಟ್ಟಿಕೊಂಡ ಟ್ರಕ್ಕುಗಳು ವಾರಗಟ್ಟಲೆ ಸುಮ್ನೆ ನಿಂತಿದ್ದವು.

ಇಡೀ ಸೀಸನ್‌ಗೆ ಇಷ್ಟು ಅಂತ ಒಪ್ಪಿಕೊಂಡವರಿಗೆ ಮೊದಲನೇ ವರ್ಷ ಕಷ್ಟ. ಬಂದ ದುಡ್ಡು ಅಷ್ಟೇ, ಡೀಸೆಲ್ಲು, ಐಸ್ ಕರಗಿಸುವ ಉಪ್ಪು, ಹುಡುಗರ ಕೂಲಿ ಮಾತ್ರ ಏರುತ್ತಲೇ ಇತ್ತು. ಒಂದು ಸಲ ತಳ್ಳಿದರೆ ಇಷ್ಟು ಅಂತ ಮಾಡಿಕೊಂಡವರಿಗೆ ಎರಡನೇ ವರ್ಷ ಕಷ್ಟ. ಟ್ರಕ್ಕಿನ ಕಂತು, ಇನ್ಶೂರೆನ್ಸ್ ಎರಡೂ ಸ್ನೋ ಬಂತಾ ಇಲ್ವಾ ಅಂತ ಕೇಳುವುದಿಲ್ಲ. ಅದಕ್ಕೇ ನಾನು ಎರಡನ್ನೂ ಬೆರೆಸುತ್ತೇನೆ. ಸೀಸನ್ ಕಾಂಟ್ರಾಕ್ಟ್‌ಗಳಿಂದ ಕಂತು, ಇನ್ಶೂರೆನ್ಸ್, ರಿಪೇರಿ ಹೊರಟು ಹೋಗಬೇಕು. ಲಾಭ ಅನ್ನುವುದು ತಳ್ಳಿದಷ್ಟಕ್ಕೆ ಕೊಡುವವರಿಂದ. ಸೀಸನ್ ಕಾಂಟ್ರಾಕ್ಟ್‌ನಲ್ಲಿ ಮಿತಿ ಬರೆದೇ ಬರೆಯಬೇಕು: ಒಟ್ಟು 60 ಇಂಚು ದಾಟಿದ ಮೇಲೆ ಪ್ರತಿ ಸಲಕ್ಕೂ ಬೇರೆ ದುಡ್ಡು, ಹೀಗೆ. ನಮ್ಮಲ್ಲಿ ಸಾಮಾನ್ಯ ವರ್ಷದಲ್ಲಿ ಸುಮಾರು 50 ಇಂಚು ಬೀಳುವುದರಿಂದ ಗಿರಾಕಿಗಳೂ ಇದನ್ನು ಒಪ್ಪುತ್ತಾರೆ.

ಇನ್ನು ದಾರಿಯ ವಿಷಯ. ನನ್ನ ಪ್ರಕಾರ ಈ ಬಿಸಿನೆಸ್ಸಿನ ಅರ್ಧ ಲಾಭ ಇಲ್ಲೇ ಇದೆ. ಊರಲ್ಲಿ ಹಾಲು ಹಾಕುವವನು ಒಂದೇ ಬೀದಿಯ ಮನೆಗಳನ್ನು ಹಿಡಿಯುತ್ತಾನೆ ಅಲ್ವಾ, ಹಾಗೇ ಇದೂ. ಒಂದು ಡ್ರೈವ್‌ವೇಗೆ ಐದು ನಿಮಿಷ ಅಂದುಕೋ. ಮುಂದಿನ ಮನೆ ಹತ್ತು ನಿಮಿಷ ದೂರ ಇದ್ದರೆ ಗಂಟೆಗೆ ನಾಲ್ಕು ಮನೆ. ಅದೇ ಬೀದಿಯಲ್ಲಿದ್ದರೆ ಎಂಟು, ಒಂಬತ್ತು. ಟ್ರಕ್ ಅದೇ, ದರ ಅದೇ, ಸಂಪಾದನೆ ಎರಡರಷ್ಟು. ಆದ್ದರಿಂದ ಈಗಿರುವ ಹುಲ್ಲಿನ ಗಿರಾಕಿಗಳಿಂದಲೇ ಶುರು ಮಾಡು. ಅವರ ಅಕ್ಕಪಕ್ಕದವರಿಗೆ ಐದು ಡಾಲರ್ ಕಡಿಮೆ ಮಾಡಿದರೂ ನಷ್ಟ ಇಲ್ಲ. ದೂರದ ಸ್ನೇಹಿತರ ಮನೆ ಅಂತ ಮುಲಾಜಿಗೆ ಬಿದ್ದು ಒಪ್ಪಿಕೊಳ್ಳಬೇಡ.

ಎಷ್ಟು ಇಂಚು ಬಿದ್ದರೆ ಹೊರಡುತ್ತೀಯ ಅಂತ ಕಾಗದದಲ್ಲಿ ಇರಲಿ. ಮನೆಗಳಿಗೆ ಸಾಮಾನ್ಯವಾಗಿ 2 ಇಂಚು, ಅಂಗಡಿಗಳಿಗೆ 1. ಬೀಳುತ್ತಲೇ ಇದ್ದರೆ ಎಷ್ಟು ಇಂಚಿಗೊಮ್ಮೆ ಮತ್ತೆ ಬರುತ್ತೀಯ ಅನ್ನುವುದೂ ಇರಲಿ. ಇನ್ನೊಂದು ತಕರಾರು ಖಂಡಿತ ಬರುತ್ತದೆ. ನೀನು ಬೆಳಗಿನ ಜಾವ ಚೊಕ್ಕ ಮಾಡಿ ಹೋಗಿರುತ್ತೀಯ. ಆಮೇಲೆ ನಗರದ ಪ್ಲೋ ಬಂದು ಡ್ರೈವ್‌ವೇ ಬಾಯಿಗೆ ಗಟ್ಟಿ ದಿಬ್ಬ ಕಟ್ಟಿ ಹೋಗುತ್ತದೆ. ಮನೆಯವರು ಎದ್ದು ನೋಡಿದರೆ ಕೆಲಸವೇ ಆಗಿಲ್ಲ ಅನ್ನಿಸುತ್ತದೆ. ಆ ದಿಬ್ಬ ತೆಗೆಯುವುದು ದರದಲ್ಲಿ ಸೇರಿದೆಯೋ, ಬೇರೆಯೋ, ಮೊದಲೇ ಹೇಳಿಬಿಡು. ನಾನು ಸೇರಿಸಿಕೊಂಡೇ ದರ ಹೇಳುತ್ತೇನೆ. ಗಿರಾಕಿ ಉಳಿಯುವುದು ಅದರಿಂದಲೇ. ಮತ್ತೆ, ಸ್ನೋವನ್ನು ಸಾರ್ವಜನಿಕ ರಸ್ತೆಗೆ ತಳ್ಳುವ ಹಾಗಿಲ್ಲ. ಮಿನಿಸೋಟದಲ್ಲಿ ಅದು ಕಾನೂನಿಗೆ ವಿರುದ್ಧ.

ಈಡನ್ ಪ್ರೇರಿಯಿಂದ:

ನಾನು ಪ್ಲೋ ಓಡಿಸುವವಳಲ್ಲ. ಅಂಗಡಿ ಸಾಲುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು, ಗುತ್ತಿಗೆ ಕೊಡುವ ಕಡೆಯವಳು. ನಾವು ದರಕ್ಕಿಂತ ಮೊದಲು ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳುತ್ತೇವೆ. ಮನೆಯ ಟ್ರಕ್ಕಿನ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡಿಗೆ ಪ್ಲೋ ಮಾಡುವಾಗಿನ ಅಪಘಾತಕ್ಕೆ ಬರುವುದಿಲ್ಲ. ಕಮರ್ಷಿಯಲ್ ಆಟೊ (ಬಿಸಿನೆಸ್ಸಿಗೆ ಓಡಿಸುವ ವಾಹನದ ಇನ್ಶೂರೆನ್ಸ್), ಜನರಲ್ ಲಯಬಿಲಿಟಿ (ಬೇರೆಯವರಿಗೆ ಆಗುವ ಪೆಟ್ಟು, ನಷ್ಟಕ್ಕೆ ಇನ್ಶೂರೆನ್ಸ್) ಎರಡೂ ಬೇಕು. ಏಜೆಂಟ್ ಹತ್ತಿರ 'ಸ್ನೋ, ಐಸ್ ಕೆಲಸ ಇದರಲ್ಲಿ ಸೇರಿದೆಯಾ' ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಪಾಲಿಸಿಗಳಲ್ಲಿ ಅದನ್ನೇ ಹೊರಗಿಟ್ಟಿರುತ್ತಾರೆ.

ಯಾರಾದರೂ ಜಾರಿ ಬಿದ್ದರೆ ನೋಟಿಸ್ ತಿಂಗಳುಗಳ ನಂತರ ಬರಬಹುದು. ಆಗ ನಿಮ್ಮನ್ನು ಕಾಪಾಡುವುದು ಬರೆದಿಟ್ಟ ಲೆಕ್ಕ ಮಾತ್ರ: ಎಷ್ಟು ಹೊತ್ತಿಗೆ ಬಂದಿರಿ, ಎಷ್ಟಕ್ಕೆ ಹೋದಿರಿ, ಥರ್ಮಾಮೀಟರ್ ಎಷ್ಟು ತೋರಿಸಿತು, ಎಷ್ಟು ಉಪ್ಪು ಹಾಕಿದಿರಿ. ಜೊತೆಗೆ ಫೋಟೊ. ಇಷ್ಟನ್ನು ಕೇಳದೆಯೇ ಕಳಿಸುವ ಗುತ್ತಿಗೆದಾರರಿದ್ದರೆ ನಾವು ಮರುವರ್ಷ ಬೇರೆಯವರನ್ನು ಹುಡುಕುವುದೇ ಇಲ್ಲ. ಮಿನಿಯಾಪೊಲಿಸ್ ನಗರದೊಳಗಾದರೆ ಹಿಮ ನಿಂತ ಮೇಲೆ ಅಂಗಡಿಗಳ ಮುಂದಿನ ಫುಟ್‌ಪಾತ್ ಅನ್ನು ಹಗಲು ಹೊತ್ತಿನ ನಾಲ್ಕು ತಾಸಿನೊಳಗೆ ತೆಗೆಸಬೇಕು, ಮನೆಗಳಿಗೆ 24 ತಾಸು. ಹಾಗಾಗಿ ಸಲಿಕೆ ಹಿಡಿಯುವವರೂ ನಿಮ್ಮ ಜೊತೆ ಇರಬೇಕು. ಅವರ ಕೂಲಿಯನ್ನು ದರದಲ್ಲಿ ಮರೆಯಬೇಡಿ.

ಉಪ್ಪಿನ ವಿಷಯದಲ್ಲಿ ನನ್ನದೊಂದು ಕೋರಿಕೆ. ನೆಲದ ಉಷ್ಣಾಂಶ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಆಗ ಇನ್ನಷ್ಟು ಸುರಿದರೆ ದುಡ್ಡೂ ಹಾಳು, ನೀರೂ ಹಾಳು. ಒಂದು ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಕೆಡಿಸುತ್ತದೆ, ಕೆರೆಗೆ ಹೋದ ಉಪ್ಪು ವಾಪಸ್ ಬರುವುದಿಲ್ಲ. 20 ಅಡಿ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು ಅಂತ ರಾಜ್ಯದ ಮಾಲಿನ್ಯ ನಿಯಂತ್ರಣ ಇಲಾಖೆಯವರೇ ಹೇಳುತ್ತಾರೆ. ಅವರ ಸ್ಮಾರ್ಟ್ ಸಾಲ್ಟಿಂಗ್ ತರಬೇತಿ ಮಾಡಿಕೊಳ್ಳಿ. ಉಪ್ಪಿನ ಖರ್ಚು ಇಳಿಯುತ್ತದೆ, ನಮ್ಮಂಥವರಿಗೆ ನಿಮ್ಮ ಮೇಲೆ ನಂಬಿಕೆಯೂ ಬರುತ್ತದೆ.

ನ್ಯೂಯಾರ್ಕ್ ರಾಜ್ಯದ ಬಫಲೋದಿಂದ:

ಸೇಂಟ್ ಪಾಲ್ ಅಣ್ಣ ಹೇಳಿದ ಮಿತಿಯ ಮಾತು ನಮ್ಮ ಕಡೆ ಇನ್ನೂ ಮುಖ್ಯ. ಈರೀ ಸರೋವರದ ಮೇಲಿಂದ ಬರುವ ಸ್ನೋ ಸಣ್ಣ ಪಟ್ಟಿಯಾಗಿ ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಊರಿನ ದಕ್ಷಿಣದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 80 ಇಂಚು. ಉತ್ತರದ ಬಡಾವಣೆಗಳಲ್ಲಿ ಅದರ ಸಣ್ಣ ಪಾಲು ಅಷ್ಟೇ. ಅಷ್ಟು ಬಿದ್ದಾಗ ಪಿಕಪ್ ಟ್ರಕ್ ಏನೂ ಮಾಡಲಾಗದು, ದೊಡ್ಡ ಬಕೆಟ್ಟಿನ ಲೋಡರ್ ಯಂತ್ರ ಬೇಕು. ಪಾರ್ಕಿಂಗ್ ಲಾಟ್ ಹಿಡಿಯುವ ಮೊದಲು ಸ್ನೋ ಎಲ್ಲಿ ಗುಡ್ಡೆ ಹಾಕುತ್ತೀರಿ ಅಂತ ನಡೆದು ನೋಡಿ. ಗುಡ್ಡೆ ಕರಗಿ, ನೀರು ಲಾಟ್ ಮೇಲೆ ಹರಿದು, ರಾತ್ರಿ ಮತ್ತೆ ಐಸ್ ಆಗುವ ಜಾಗ ಬೇಡ. ಲಾರಿಯಲ್ಲಿ ಸಾಗಿಸುವುದಕ್ಕೆ ದರ ಬೇರೆಯೇ ಇರಲಿ.

ಬ್ರಾಂಪ್ಟನ್‌ನಿಂದ:

ಕೆನಡಾದ ಆಂಟೇರಿಯೊದಲ್ಲಿರುವವರಿಗೆ ಒಂದು ಮಾತು. 2021ರ ಜನವರಿ 29ರಿಂದ ಇಲ್ಲಿ ನಿಯಮ ಬದಲಾಗಿದೆ. ಖಾಸಗಿ ಜಾಗದಲ್ಲಿ ಸ್ನೋ, ಐಸ್‌ನಿಂದ ಜಾರಿ ಬಿದ್ದವರು ಸಾಮಾನ್ಯವಾಗಿ 60 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಹಾಗಂತ ಲೆಕ್ಕ ಬರೆಯುವುದನ್ನು ಬಿಡಬೇಡಿ.

ಮತ್ತೆ ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಇನ್ಶೂರೆನ್ಸ್ ಏಜೆಂಟ್‌ಗೆ ಫೋನ್ ಮಾಡುತ್ತೇನೆ. ಇರುವುದು ಒಂದೇ ಟ್ರಕ್. ನಡುರಾತ್ರಿ ಕೈಕೊಟ್ಟರೆ?

ಸೇಂಟ್ ಪಾಲ್‌ನಿಂದ:

ಹೈಡ್ರಾಲಿಕ್ ಹೋಸು, ಆಯಿಲ್ಲು, ಸೊಲೆನಾಯ್ಡ್ (ಪ್ಲೋ ಮೋಟಾರಿನ ವಿದ್ಯುತ್ ಸ್ವಿಚ್), ಬೋಲ್ಟುಗಳು ಟ್ರಕ್ಕಿನಲ್ಲೇ ಇರಲಿ. ಸ್ನೋ ಬೀಳುವ ರಾತ್ರಿ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಡೀಲರ್ ನಿನಗೆ ಹತ್ತಿರ ಇರುವ ಬ್ರಾಂಡಿನ ಪ್ಲೋ ತಗೋ. ಬಾಸ್, ವೆಸ್ಟರ್ನ್ ಯಾವುದಾದರೂ ಆದೀತು. ಅದಕ್ಕೂ ಮೊದಲು ಹತ್ತಿರದಲ್ಲೇ ಇದೇ ಕೆಲಸ ಮಾಡುವ ಒಬ್ಬರ ಜೊತೆ ಮಾತಾಡಿಕೋ. ನಿನ್ನ ಟ್ರಕ್ ನಿಂತರೆ ಅವರು, ಅವರದು ನಿಂತರೆ ನೀನು, ಗಂಟೆಗೆ ಇಷ್ಟು ಅಂತ. ಅಕ್ಟೋಬರ್‌ನಲ್ಲಿ, ನೆಲ ಹೆಪ್ಪುಗಟ್ಟುವ ಮೊದಲೇ ಎಲ್ಲ ಡ್ರೈವ್‌ವೇಗಳ ಅಂಚಿಗೆ ಗುರುತಿನ ಕಡ್ಡಿ ನೆಟ್ಟುಬಿಡು. 1991ರಲ್ಲಿ ಅಕ್ಟೋಬರ್ 31ಕ್ಕೇ ಶುರುವಾಗಿ ಇಲ್ಲಿ 28.4 ಇಂಚು ಬಿದ್ದಿತ್ತು. ಅಂಗಡಿಗಳ ಗುತ್ತಿಗೆ ಬೇಕಿದ್ದರೆ ದರದ ಕಾಗದ ಆಗಸ್ಟ್‌ನಲ್ಲೇ ಕಳಿಸು. ನಿನ್ನ ಮನೆಗಳ ಪಟ್ಟಿ ಮತ್ತು ಮ್ಯಾಪ್ ನನಗೆ ಕಳಿಸಿದರೆ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ಕೂತು ನೋಡೋಣ.